ಮಣ್ಣಿನೊಳಗಿನ ಅನಿಲವನ್ನು ಅಳೆಯುವ ಬಗೆ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನಾದರೊಂದನ್ನು ಬರೆದು ಕಳುಹಿಸಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದ್ದಾರೆ. ವಿದ್ಯಾರ್ಥಿನಿಲಯದ ದಿನಗಳನ್ನು ಸೊಗಸಾಗಿ ಬಣ್ಣಿಸಬಲ್ಲ ಹಳೆಯ ವಿದ್ಯಾರ್ಥಿಗಳು ನಮ್ಮಲ್ಲಿ ಅನೇಕರಿದ್ದಾರೆ. ಆ ಕೆಲಸವನ್ನು ಅವರಿಗೇ ಬಿಟ್ಟು, ಇಲ್ಲಿಂದ ಹೊರಟ ಮೇಲೆ ನಾನು ಮಾಡಿದ ಕೆಲಸವೇನು ಎಂಬುದನ್ನು ಗುರುಗಳ, ಸಹಪಾಠಿಗಳ ಮತ್ತು ದಾನಿಗಳ ಮುಂದೆ ಅರಿಕೆ ಮಾಡಿಕೊಳ್ಳುವುದೇ ಉಚಿತವೆಂದು ನನಗೆ ತೋರಿತು. ಊರಿಗೆ ಬಂದಾಗಲೆಲ್ಲ "ನೀನು ಅಲ್ಲಿ ಮಾಡುವುದಾದರೂ ಏನು?" ಎಂದು ಕೇಳಿದವರಿಗೆ ನಾನು ಕೊಡುತ್ತಿದ್ದ ಉತ್ತರ ಒಂದೇ: "ಮಣ್ಣು ಅಳೆಯುತ್ತೇನೆ." ಅವರು ನನ್ನನ್ನು ಭೂಮಾಪನ ಇಲಾಖೆಯವನೆಂದು ತಿಳಿದು ತಮ್ಮ ಹೊಲದ ಬದುವಿನ ವ್ಯಾಜ್ಯವನ್ನು ಹೇಳತೊಡಗುತ್ತಿದ್ದರು! ಆದ್ದರಿಂದ ಇಂದು ತುಸು ವಿವರವಾಗಿಯೇ ಹೇಳುವೆನು.

ನೀರು ತಣಿದರೆ ಹಿಮವಾಗುತ್ತದೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಆ ನೀರಿನೊಡನೆ ಮೀಥೇನಿನಂಥ ಅನಿಲವೂ ಇದ್ದು, ಮೇಲಿನಿಂದ ಸಾಕಷ್ಟು ಒತ್ತಡವೂ ಬಿದ್ದರೆ, ಸೊನ್ನೆ ಡಿಗ್ರಿಗಿಂತ ಮೇಲೆಯೇ ಬೇರೊಂದು ಬಗೆಯ ಹರಳು ಮೂಡುತ್ತದೆ. ನೀರಿನ ಅಣುಗಳು ಒಂದಕ್ಕೊಂದು ಕೈಹಿಡಿದು ಪಂಜರಗಳನ್ನು ಕಟ್ಟುತ್ತವೆ. ಒಂದೊಂದು ಪಂಜರದಲ್ಲಿ ಒಂದೊಂದು ಅನಿಲದ ಅಣು ಸೆರೆಯಾಗುತ್ತದೆ. ಮೀಥೇನ್ ಕಟ್ಟಿಸುವ ಹರಳಿನ ಒಂದು ಘಟಕದಲ್ಲಿ ನೀರಿನ ೪೬ ಅಣುಗಳೂ ೮ ಪಂಜರಗಳೂ ಇರುತ್ತವೆ. ಎಲ್ಲ ಪಂಜರಗಳೂ ತುಂಬಿದ್ದರೆ ಅನಿಲದ ಒಂದು ಅಣುವಿಗೆ ನೀರಿನ ಐದೂಮುಕ್ಕಾಲು ಅಣುಗಳೆಂದು ಲೆಕ್ಕ. ಇದಕ್ಕೆ ಅನಿಲ ಹೈಡ್ರೇಟ್ ಎಂದು ಹೆಸರು. ನೋಡಲು ಹಿಮದಂತೆಯೇ ಬೆಳ್ಳಗೆ; ಆದರೆ ಕಡ್ಡಿ ಗೀರಿ ಹಿಡಿದರೆ ಉರಿಯುತ್ತದೆ. ಉರಿದು ಮುಗಿದ ಮೇಲೆ ಅಂಗೈಯಲ್ಲಿ ಉಳಿಯುವುದು ನೀರು ಮಾತ್ರ.

ಈ ವಸ್ತುವಿನ ಅರಿವು ಹೊಸದಲ್ಲ. ೧೮೧೦ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಕ್ಲೋರಿನ್ ಅನಿಲವು ನೀರಿನೊಡನೆ ಹೀಗೆ ಹರಳಾಗುವುದನ್ನು ಕಂಡರು. ೧೮೨೩ರಲ್ಲಿ ಮೈಕೆಲ್ ಫ್ಯಾರಡೆ ಆ ಹರಳಿನಲ್ಲಿ ಅನಿಲವೆಷ್ಟು, ನೀರೆಷ್ಟು ಎಂಬುದನ್ನು ಅಳೆದರು. ಅದರ ಮುಂದೆ ನೂರು ವರ್ಷಗಳಿಗೂ ಮಿಕ್ಕಿ ಅದು ಪ್ರಯೋಗಶಾಲೆಯ ಕುತೂಹಲವಾಗಿಯೇ ಉಳಿಯಿತು. ೧೯೩೪ರಲ್ಲಿ ಅಮೆರಿಕದ ಹ್ಯಾಮರ್‌ಶ್ಮಿಟ್ ಅನಿಲ ಸಾಗಿಸುವ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತಿದ್ದ ಗೆಡ್ಡೆ ಹಿಮವಲ್ಲ, ಹೈಡ್ರೇಟ್ ಎಂದು ತೋರಿಸಿಕೊಟ್ಟರು. ಬಳಿಕ ೧೯೬೦ರ ದಶಕದಲ್ಲಿ ಸೋವಿಯತ್ ವಿಜ್ಞಾನಿಗಳು ಇಂಥದು ಸೈಬೀರಿಯದ ಹೆಪ್ಪುಗಟ್ಟಿದ ನೆಲದಡಿಯಲ್ಲಿ ನಿಸರ್ಗದಲ್ಲಿಯೇ ಇರಬಲ್ಲದೆಂದು ಸಾರಿದಾಗ ಲೋಕ ಕಣ್ಣರಳಿಸಿತು. ಆಳ ಸಮುದ್ರದ ತಳದಲ್ಲಿಯೂ ಅದಕ್ಕೆ ಬೇಕಾದ ತಂಪು ಮತ್ತು ಒತ್ತಡ ಎರಡೂ ಇವೆ. ಒಂದು ಘನ ಮೀಟರ್ ಹೈಡ್ರೇಟ್ ಕರಗಿದರೆ ಸಾಮಾನ್ಯ ಒತ್ತಡದಲ್ಲಿ ಸುಮಾರು ೧೬೪ ಘನ ಮೀಟರ್ ಮೀಥೇನ್ ಹೊರಬರುತ್ತದೆ. ಇಂಧನಕ್ಕಾಗಿ ಪರದೇಶಗಳ ಕಡೆ ಮುಖಮಾಡಿ ನಿಂತ ನಮ್ಮಂಥ ದೇಶಕ್ಕೆ ಈ ಸಂಖ್ಯೆಯ ಆಕರ್ಷಣೆ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ.

ಮೀಥೇನ್ ನಮಗೆ ಹೊಸಬನೂ ಅಲ್ಲ. ನಾನು ಓದುತ್ತಿದ್ದಾಗ ವಿದ್ಯಾರ್ಥಿನಿಲಯದ ಅಡುಗೆಮನೆಯ ಹಿಂದೆ ಗೋಬರ್ ಅನಿಲದ ತೊಟ್ಟಿಯೊಂದಿತ್ತು. ಗೋಶಾಲೆಯ ಸಗಣಿಯನ್ನು ಕಲಸಿ ಸುರಿಯುವ ಪಾಳಿ ನಮ್ಮದಾಗಿರುತ್ತಿತ್ತು. ಉಸಿರುಗಾಳಿಯಿಲ್ಲದ ಆ ಕತ್ತಲೆಯಲ್ಲಿ ಸೂಕ್ಷ್ಮಜೀವಿಗಳು ಮೀಥೇನನ್ನು ಹುಟ್ಟಿಸುತ್ತವೆಂದು ಗುರುಗಳು ಹೇಳಿದ್ದರು. ಬಂಗಾಳ ಕೊಲ್ಲಿಯ ತಳದ ಕೆಸರಿನಲ್ಲಿ ಹೈಡ್ರೇಟ್ ಆಗಿ ಸಿಕ್ಕ ಮೀಥೇನಿನ ಬಹುಭಾಗವೂ ಅಂಥ ಜೀವಿಗಳ ದುಡಿಮೆಯೇ. ತೊಟ್ಟಿಯಲ್ಲಿ ಕೆಲವು ವಾರಗಳಲ್ಲಿ ಆಗುವುದು ಅಲ್ಲಿ ಯುಗಯುಗಗಳ ಕಾಲ ನಡೆದಿದೆ, ಅಷ್ಟೆ.

ಆ ಕೆಸರಿಗೂ ನಮ್ಮ ನಾಡಿಗೂ ಮತ್ತೊಂದು ಸಂಬಂಧವುಂಟು. ದಖ್ಖನಿನ ಕಪ್ಪು ಬಸಾಲ್ಟ್ ಶಿಲೆ ಸವೆದು ನಮ್ಮ ಎರೆಮಣ್ಣಾಯಿತು. ಆ ಎರೆಯನ್ನು ಕೃಷ್ಣೆಯೂ ಗೋದಾವರಿಯೂ ತಮ್ಮ ಉಪನದಿಗಳೊಡನೆ ಮಳೆಗಾಲದಿಂದ ಮಳೆಗಾಲಕ್ಕೆ ಹೊತ್ತೊಯ್ದು ಪೂರ್ವ ಸಮುದ್ರಕ್ಕೆ ಸುರಿದವು. ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ಸ್ಮೆಕ್ಟೈಟ್ ಎಂಬ ಜೇಡಿ ಖನಿಜವೇ ನಮ್ಮ ಎರೆಯ ಜೀವಾಳ. ಕೃಷ್ಣಾ-ಗೋದಾವರಿ ಜಲಾನಯನದ ಸಮುದ್ರತಳದ ಜೇಡಿಯಲ್ಲಿಯೂ ಅದರದೇ ಮೇಲುಗೈ. ೨೦೦೬ರಲ್ಲಿ ನಮ್ಮ ರಾಷ್ಟ್ರೀಯ ಅನಿಲ ಹೈಡ್ರೇಟ್ ಕಾರ್ಯಕ್ರಮದ ಪರವಾಗಿ ಜೋಯ್ಡಿಸ್ ರೆಸಲ್ಯೂಷನ್ ಎಂಬ ಕೊರೆಯುವ ಹಡಗು ಕೇರಳ-ಕೊಂಕಣ, ಕೃಷ್ಣಾ-ಗೋದಾವರಿ, ಮಹಾನದಿ ಮತ್ತು ಅಂಡಮಾನಿನ ಕಡಲುಗಳಲ್ಲಿ ಸಂಚರಿಸಿ ೨೧ ಸ್ಥಳಗಳಲ್ಲಿ ಶೋಧಿಸಿತು. ಕೇರಳ-ಕೊಂಕಣದಲ್ಲಿ ಏನೂ ಸಿಗಲಿಲ್ಲ. ಕೃಷ್ಣಾ-ಗೋದಾವರಿಯ ಹತ್ತನೆಯ ಸ್ಥಳದಲ್ಲಿ, ಸುಮಾರು ಒಂದು ಸಾವಿರ ಮೀಟರ್ ನೀರಿನ ಕೆಳಗೆ, ಜೇಡಿಯ ಬಿರುಕುಗಳನ್ನು ತುಂಬಿಕೊಂಡ ಹೈಡ್ರೇಟಿನ ಪದರ ಸಿಕ್ಕಿತು. ಅದರ ದಪ್ಪ ಸುಮಾರು ೧೨೮ ಮೀಟರ್. ೨೦೧೫ರ ಎರಡನೆಯ ಯಾತ್ರೆಯಲ್ಲಿ ಜಪಾನಿನ ಚಿಕ್ಯು ಹಡಗು ಪೂರ್ವ ಕರಾವಳಿಯಾಚೆ ಮರಳಿನ ಪದರಗಳಲ್ಲಿಯೂ ಅದನ್ನು ಕಂಡಿತು.

ಇದೆ ಎಂದು ತಿಳಿದ ಮರುಕ್ಷಣವೇ ಏಳುವ ಪ್ರಶ್ನೆ, ಎಷ್ಟಿದೆ ಎಂಬುದು. ನನ್ನ ಕೆಲಸ ಆರಂಭವಾಗುವುದು ಇಲ್ಲಿಂದ.

ಗೋಧಿಯ ಚೀಲದಿಂದ ಹಿಡಿ ತೆಗೆದು ನೋಡಿದಂತೆ ಇದನ್ನು ನೋಡಲಾಗದು. ತನ್ನ ನೆಲೆಯಿಂದ ಮೇಲಕ್ಕೆತ್ತಿದೊಡನೆಯೇ ಹೈಡ್ರೇಟ್ ಕರಗತೊಡಗುತ್ತದೆ. ಸೊನ್ನೆ ಡಿಗ್ರಿಯಲ್ಲಿ ಅದು ಉಳಿಯಲು ವಾಯುಮಂಡಲದ ಒತ್ತಡದ ಸುಮಾರು ೨೬ ಪಟ್ಟು ಬೇಕು. ಹತ್ತು ಡಿಗ್ರಿಯಲ್ಲಿ ಸುಮಾರು ೭೦ ಪಟ್ಟು. ಆದ್ದರಿಂದ ಸಮುದ್ರತಳದಲ್ಲಿಯೇ ಮಣ್ಣಿನ ಸ್ತಂಭವನ್ನು ಉಕ್ಕಿನ ಕೊಳವೆಯೊಳಗೆ ಮುಚ್ಚಿ, ಅಲ್ಲಿನ ಒತ್ತಡದೊಡನೆಯೇ ಮೇಲೆ ತರುವ ಉಪಾಯವನ್ನು ಕಂಡುಹಿಡಿದಿದ್ದಾರೆ. ಬರಿಯ ಕೊಳವೆಯಲ್ಲಿ ತಂದ ಮಣ್ಣನ್ನಾದರೆ ಹಡಗಿನ ಅಟ್ಟದ ಮೇಲೆಯೇ ಶಾಖವನ್ನು ಕಾಣುವ ಛಾಯಾಯಂತ್ರದಿಂದ ಪರೀಕ್ಷಿಸುತ್ತಾರೆ. ಹೈಡ್ರೇಟ್ ಕರಗುವಾಗ ಸುತ್ತಲಿನ ಶಾಖವನ್ನು ಹೀರುವುದರಿಂದ ಅದಿದ್ದ ಜಾಗ ತಣ್ಣನೆಯ ಕಲೆಯಾಗಿ ತೋರುತ್ತದೆ. ಅಂಥ ತುಂಡನ್ನು ಕತ್ತರಿಸಿ, ಸೊನ್ನೆಗಿಂತ ೧೯೬ ಡಿಗ್ರಿ ಕೆಳಗಿರುವ ದ್ರವ ಸಾರಜನಕದಲ್ಲಿ ಮುಳುಗಿಸಿ ಪ್ರಯೋಗಶಾಲೆಗೆ ಕಳುಹಿಸುತ್ತಾರೆ.

ಅಳೆಯುವ ಮಾರ್ಗಗಳಲ್ಲಿ ಮೊದಲನೆಯದೂ ನಂಬಿಕೆಗೆ ಹೆಚ್ಚು ಯೋಗ್ಯವಾದುದೂ ಎಂದರೆ, ಕರಗಲು ಬಿಟ್ಟು ಹೊರಬಂದ ಅನಿಲವನ್ನು ಅಳೆಯುವುದು. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಆಮ್ಲಜನಕವನ್ನು ನೀರಿನ ಮೇಲೆ ಬೋರಲು ಹಾಕಿದ ಜಾಡಿಯಲ್ಲಿ ಸಂಗ್ರಹಿಸುತ್ತಿದ್ದೆವಷ್ಟೆ, ತತ್ತ್ವ ಅದೇ. ನೀರಿಗೆ ಬದಲಾಗಿ ಉಪ್ಪು ತುಂಬ ಕರಗಿಸಿದ ನೀರನ್ನು ಬಳಸುತ್ತೇವೆ, ಅದರಲ್ಲಿ ಮೀಥೇನ್ ಕಡಿಮೆ ಕರಗುತ್ತದೆಂಬ ಕಾರಣದಿಂದ. ಕವಾಟವನ್ನು ತುಸುತುಸುವೇ ತೆರೆದು, ಒತ್ತಡ ಇಳಿದು, ಮತ್ತೆ ತಾನಾಗಿಯೇ ಏರುವುದನ್ನು ಕಾಯಬೇಕು. ಒಳಗೆ ಹೈಡ್ರೇಟ್ ಉಳಿದಿರುವ ತನಕ ಒತ್ತಡ ಹಾಗೆ ಮೇಲೇಳುತ್ತಲೇ ಇರುತ್ತದೆ.

ಒಂದು ಲೆಕ್ಕವನ್ನು ನೋಡೋಣ. ಸಾವಿರ ಘನ ಸೆಂಟಿಮೀಟರಿನ ಮಣ್ಣಿನ ಸ್ತಂಭ. ಅದರಲ್ಲಿ ಕಣಗಳ ನಡುವಣ ರಂಧ್ರಗಳ ಪಾಲು ಶೇಕಡಾ ೬೦, ಎಂದರೆ ೬೦೦ ಘನ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅದರಿಂದ ೧೭.೨ ಲೀಟರ್ ಮೀಥೇನ್ ಹೊರಬಂದಿತು. ಇದೆಲ್ಲವೂ ಹೈಡ್ರೇಟಿನದಲ್ಲ, ರಂಧ್ರದ ನೀರಿನಲ್ಲಿ ಮೊದಲೇ ಕರಗಿದ್ದ ಅನಿಲವೂ ಇದರಲ್ಲಿ ಸೇರಿದೆ. ಅದನ್ನು ೦.೮ ಲೀಟರ್ ಎಂದು ಕಳೆದರೆ ಉಳಿದದ್ದು ೧೬.೪ ಲೀಟರ್. ೧೬೪ ಪಾಲಿಗೆ ಒಂದು ಪಾಲೆಂಬ ಲೆಕ್ಕದಲ್ಲಿ ಹೈಡ್ರೇಟ್ ೧೦೦ ಘನ ಸೆಂಟಿಮೀಟರ್. ಎಂದರೆ ರಂಧ್ರಗಳ ಆರನೆಯ ಒಂದು ಭಾಗ, ಸುಮಾರು ಶೇಕಡಾ ೧೭.

ಎರಡನೆಯ ಮಾರ್ಗ ಉಪ್ಪಿನದು. ಹೈಡ್ರೇಟಿನ ಪಂಜರ ಉಪ್ಪನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದಕಾರಣ ಅದು ಕರಗಿದಾಗ ಬಂದ ಸಿಹಿನೀರು ರಂಧ್ರದ ಉಪ್ಪುನೀರನ್ನು ತೆಳುಮಾಡುತ್ತದೆ. ಮೇಲಿನ ಉದಾಹರಣೆಯಲ್ಲಿಯೇ ೧೦೦ ಘನ ಸೆಂಟಿಮೀಟರ್ ಹೈಡ್ರೇಟಿನಿಂದ ಸುಮಾರು ೮೦ ಘನ ಸೆಂಟಿಮೀಟರ್ ನೀರು ಬಂದು, ಮೊದಲಿದ್ದ ೫೦೦ರೊಡನೆ ಬೆರೆಯುತ್ತದೆ. ಸಮುದ್ರದ ನೀರಿನಂತೆ ಲೀಟರಿಗೆ ೫೬೦ ಮಿಲಿಮೋಲ್ ಇದ್ದ ಕ್ಲೋರೈಡ್ ಸುಮಾರು ೪೮೩ಕ್ಕೆ ಇಳಿಯಬೇಕು. ಮಣ್ಣನ್ನು ಹಿಂಡಿ ತೆಗೆದ ನೀರಿನ ಕ್ಲೋರೈಡನ್ನು ಅಳೆದು, ಎಷ್ಟು ಇಳಿದಿದೆಯೆಂದು ನೋಡಿ, ಹಿಂದುಮುಂದಾಗಿ ಲೆಕ್ಕ ಹಾಕಿದರೆ ಹೈಡ್ರೇಟಿನ ಪ್ರಮಾಣ ಸಿಗುತ್ತದೆ.

ಇದು ಕೇಳಲು ಸುಲಭ. ಆದರೆ ಎರಡು ಲೆಕ್ಕಗಳೂ ಒಂದೇ ಉತ್ತರವನ್ನು ಕೊಡುವುದು ಅಪರೂಪ. ಹೈಡ್ರೇಟ್ ಇತ್ತೀಚೆಗೆ ಕಟ್ಟಿದ್ದರೆ, ಅದು ಹೊರಗೆ ನೂಕಿದ ಉಪ್ಪು ಇನ್ನೂ ಹರಿದುಹೋಗದೆ ಸುತ್ತಲಿನ ನೀರು ಸಮುದ್ರಕ್ಕಿಂತ ಹೆಚ್ಚು ಉಪ್ಪಾಗಿರುತ್ತದೆ. ಆಗ ಕ್ಲೋರೈಡಿನ ಲೆಕ್ಕ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಆಳದಲ್ಲಿ ಬಿಸಿಗೆ ಜೇಡಿ ಖನಿಜವೇ ತನ್ನ ಪದರಗಳ ನಡುವಿನ ನೀರನ್ನು ಬಿಟ್ಟುಕೊಟ್ಟು ಆ ಸಿಹಿನೀರು ಮೇಲೆ ಬಂದಿದ್ದರೆ, ಅದೇ ಲೆಕ್ಕ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಮೊದಲಿನ ಉಪ್ಪು ಎಷ್ಟಿತ್ತೆಂಬುದನ್ನು ಊಹಿಸಿಯೇ ಮುಂದುವರಿಯಬೇಕು.

ಮೂರನೆಯದು ವಿದ್ಯುತ್ತಿನ ಮಾರ್ಗ. ಉಪ್ಪುನೀರು ವಿದ್ಯುತ್ತನ್ನು ಹರಿಸುತ್ತದೆ, ಹೈಡ್ರೇಟ್ ತಡೆಯುತ್ತದೆ. ತಡೆ ಎಷ್ಟು ಹೆಚ್ಚಿದೆಯೆಂದು ನೋಡಿ, ೧೯೪೨ರಲ್ಲಿ ಆರ್ಚಿ ಎಂಬ ವಿಜ್ಞಾನಿ ಮರಳುಗಲ್ಲಿನ ತೈಲಕ್ಕಾಗಿ ಕೊಟ್ಟ ಸೂತ್ರದಿಂದ ಹೈಡ್ರೇಟಿನ ಪಾಲನ್ನು ಲೆಕ್ಕ ಹಾಕುತ್ತಾರೆ. ಕೊರೆದ ಬಾವಿಯುದ್ದಕ್ಕೂ ಇದನ್ನು ಮಾಡಬಹುದು. ಒಂದು ತುಂಡು ಮಣ್ಣನ್ನೂ ಮೇಲೆ ತರಬೇಕಾಗಿಲ್ಲ. ಆದರೆ ಈ ಸೂತ್ರ ರಂಧ್ರಗಳಲ್ಲಿ ಸಮನಾಗಿ ಹರಡಿದ ವಸ್ತುವಿಗೆ ಹೇಳಿದ್ದು. ಜೇಡಿಯಲ್ಲಿ ಹೈಡ್ರೇಟ್ ಸಮನಾಗಿ ಹರಡುವುದಿಲ್ಲ. ಕಡಿದಾದ ಬಿರುಕುಗಳಲ್ಲಿ ಹಲಗೆಗಳಂತೆ ನಿಲ್ಲುತ್ತದೆ. ಅಡ್ಡಲಾಗಿ ಹರಿಯಲು ಹೊರಟ ವಿದ್ಯುತ್ತಿಗೆ ಅಂಥ ತೆಳುವಾದ ಹಲಗೆಯೂ ದೊಡ್ಡ ಗೋಡೆಯೇ.

ಇದರ ಫಲವೇನಾಯಿತೆಂಬುದನ್ನು ವಾಚಕರು ಗಮನಿಸಬೇಕು. ನಾನು ಮೇಲೆ ಹೇಳಿದ ಕೃಷ್ಣಾ-ಗೋದಾವರಿಯ ಹತ್ತನೆಯ ಸ್ಥಳದಲ್ಲಿಯೇ, ವಿದ್ಯುತ್ ತಡೆಯನ್ನು ಎಲ್ಲ ದಿಕ್ಕಿಗೂ ಸಮಾನವೆಂದು ಭಾವಿಸಿ ಮಾಡಿದ ಲೆಕ್ಕದಲ್ಲಿ ಹೈಡ್ರೇಟ್ ರಂಧ್ರಗಳ ಅರ್ಧಕ್ಕಿಂತ ಹೆಚ್ಚು ಭಾಗವನ್ನು, ಕೆಲವೆಡೆ ಶೇಕಡಾ ೮೦ರಷ್ಟನ್ನು, ತುಂಬಿದೆಯೆಂದು ಬಂದಿತು. ಪಕ್ಕದ ಬಾವಿಗಳಿಂದ ಒತ್ತಡದೊಡನೆ ತಂದ ಮಣ್ಣಿನ ಸ್ತಂಭಗಳನ್ನು ಕರಗಿಸಿ ಅನಿಲವನ್ನು ಅಳೆದಾಗ ಸಿಕ್ಕಿದ್ದು ಸುಮಾರು ಶೇಕಡಾ ೨೬ಕ್ಕಿಂತ ಕಡಿಮೆ. ಬಿರುಕುಗಳ ದಿಕ್ಕೇ ಈ ಅಂತರಕ್ಕೆ ಮುಖ್ಯ ಕಾರಣವೆಂದು ೨೦೦೯ರಲ್ಲಿ ವಿಜ್ಞಾನಿಗಳು ವಿವರಿಸಿದರು. ಒಂದು ದೇಶದ ಸಂಪತ್ತಿನ ಲೆಕ್ಕದಲ್ಲಿ ಮೂರುಪಟ್ಟು ವ್ಯತ್ಯಾಸವೆಂದರೆ ಅದು ಚಿಕ್ಕ ಮಾತೇ? ಇಡೀ ಜಗತ್ತಿನ ಹೈಡ್ರೇಟಿನ ಅಂದಾಜಿನ ಕಥೆಯೂ ಇಂಥದೇ. ೧೯೮೮ರಲ್ಲಿ ಅದನ್ನು ಸುಮಾರು ೨೧ ಸಾವಿರ ಲಕ್ಷ ಕೋಟಿ ಘನ ಮೀಟರ್ ಎಂದು ಎಣಿಸಿದ್ದರು. ೨೦೦೪ರ ಒಂದು ಅಂದಾಜು ಅದನ್ನು ಒಂದರಿಂದ ಐದು ಸಾವಿರ ಲಕ್ಷ ಕೋಟಿಗೆ ಇಳಿಸಿತು. ಸಮುದ್ರ ಬತ್ತಿದ್ದರಿಂದ ಇಳಿದದ್ದಲ್ಲ. ಮಣ್ಣನ್ನು ಎತ್ತಿ ತಂದು ಅಳೆದದ್ದರಿಂದ ಇಳಿಯಿತು.

ಸಮುದ್ರದ ಮಣ್ಣು ಎಲ್ಲರಿಗೂ ಬೇಕೆಂದಾಗ ಸಿಗುವ ವಸ್ತುವಲ್ಲ. ಆದ್ದರಿಂದ ಪ್ರಯೋಗಶಾಲೆಯಲ್ಲಿಯೇ ಮಣ್ಣಿನಲ್ಲಿ ಹೈಡ್ರೇಟನ್ನು ಕಟ್ಟಿಸಿ, ಕಟ್ಟಿದ್ದೆಷ್ಟೆಂದು ಅಳೆದು, ಆಮೇಲೆ ಸಮುದ್ರದ ಅಳತೆಗಳನ್ನು ಅರ್ಥಮಾಡಿಕೊಳ್ಳುವುದು ರೂಢಿ. ನಾನು ಸೇವೆಯಲ್ಲಿದ್ದ ಕೊನೆಯ ವರ್ಷಗಳಲ್ಲಿ ನಮ್ಮಲ್ಲಿ ಸಂಶೋಧನೆಗೆ ಬಂದ ವಿದ್ಯಾರ್ಥಿನಿಯೊಬ್ಬಳಿಗೆ ಈ ಕೆಲಸವನ್ನು ವಹಿಸಿದ್ದೆ. ಮರಳು ಒಂದು ಮಾದರಿ. ಎರಡನೆಯದಕ್ಕೆ ನಮ್ಮ ಊರಿನ ಹೊಲದಿಂದಲೇ ಒಂದು ಚೀಲ ಎರೆಮಣ್ಣನ್ನು ತರಿಸಿಕೊಟ್ಟೆ. ಅದರ ಅಣ್ಣತಮ್ಮಂದಿರು ಕೃಷ್ಣೆಯಲ್ಲಿ ಹರಿದು ಎಂದೋ ಕೊಲ್ಲಿಯನ್ನು ಸೇರಿವೆಯಲ್ಲವೆ?

ಮಣ್ಣನ್ನು ೧೦೫ ಡಿಗ್ರಿಯಲ್ಲಿ ಒಂದು ಹಗಲು ಒಂದು ರಾತ್ರಿ ಒಣಗಿಸಿ ತೂಗಬೇಕು. ತೂಗಿದ ನೀರನ್ನು ಕಲಸಿ, ಉಕ್ಕಿನ ಕೋಶದಲ್ಲಿ ಹದವಾಗಿ ತುಂಬಬೇಕು. ಮೀಥೇನನ್ನು ೮೦ ಬಾರ್ ಒತ್ತಡಕ್ಕೆ ಏರಿಸಿ, ಎರಡು ಡಿಗ್ರಿಗೆ ತಣಿಸಿ ಕಾಯಬೇಕು. ಗಂಟೆಗಳಾಗಬಹುದು, ದಿನಗಳಾಗಬಹುದು. ಹರಳು ಮೂಡಿದ ಕ್ಷಣ ಉಷ್ಣತೆ ಪುಟ್ಟನೆ ಏರುತ್ತದೆ, ಒತ್ತಡ ಇಳಿಯತೊಡಗುತ್ತದೆ. ಇಳಿದ ಒತ್ತಡದಿಂದ ಎಷ್ಟು ಅನಿಲ ಸೆರೆಯಾಯಿತೆಂದು ಲೆಕ್ಕ. ಇಲ್ಲಿ ಉಷ್ಣತೆ ಒಂದು ಡಿಗ್ರಿ ಆಚೀಚೆಯಾದರೂ ಒತ್ತಡ ಸುಮಾರು ಮೂರನೆಯ ಒಂದು ಬಾರ್ ಬದಲಾಗುತ್ತದೆ. ಹೈಡ್ರೇಟ್ ಕಟ್ಟದೆಯೂ ಕಟ್ಟಿದಂತೆ ತೋರುತ್ತದೆ. ಎಲ್ಲ ಮುಗಿದ ಮೇಲೆ ಕೋಶವನ್ನು ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗೆ ತಣಿಸಿ, ಸೆರೆಯಾಗದ ಅನಿಲವನ್ನು ಹೊರಬಿಡಬೇಕು. ಆ ಉಷ್ಣತೆಯಲ್ಲಿ ಹೈಡ್ರೇಟ್ ಕರಗಬೇಕಾದಷ್ಟು ಬೇಗ ಕರಗದೆ ತನ್ನನ್ನು ತಾನೇ ಕಾಪಾಡಿಕೊಳ್ಳುವ ವಿಚಿತ್ರ ಗುಣವನ್ನು ತೋರುತ್ತದೆ. ಬಳಿಕ ಕೋಶವನ್ನು ಮುಚ್ಚಿ, ಬಿಸಿಮಾಡಿ, ಹೊರಬಂದ ಅನಿಲವನ್ನು ಅಳೆದು, ಮೊದಲಿನ ಲೆಕ್ಕದೊಡನೆ ಸರಿಹೊಂದಿಸಬೇಕು.

ಮರಳಿನಲ್ಲಿ ಬೆರೆಸಿದ ನೀರಿನ ಬಹುಭಾಗ ಕೆಲವು ದಿನಗಳಲ್ಲಿ ಹೈಡ್ರೇಟ್ ಆಯಿತು. ಎರೆಮಣ್ಣಿನಲ್ಲಿ ಮೂರರಲ್ಲಿ ಒಂದು ಪಾಲೂ ಆಗಲಿಲ್ಲ. ವಾರ್ಷಿಕ ಪರಿಶೀಲನೆಗೆ ಬಂದ ಹಿರಿಯರಿಗೆ ಇದು ರುಚಿಸಲಿಲ್ಲ. ಯಂತ್ರದಲ್ಲಿ ಸೋರಿಕೆ ಇರಬೇಕೆಂದು ಒಬ್ಬರು, ಹುಡುಗಿಗೆ ಕೈ ಪಳಗಿಲ್ಲವೆಂದು ಇನ್ನೊಬ್ಬರು ಹೇಳಿದರು. ಮರಳಿನ ಫಲಿತಾಂಶವನ್ನು ಮಾತ್ರ ಪ್ರಕಟಿಸಿ ಎರೆಯನ್ನು ಕೈಬಿಡುವುದು ಲೇಸೆಂದು ಸಲಹೆ ಬಂದಿತು. ಯೋಜನೆಗೆ ಮುಂದಿನ ವರ್ಷದ ಹಣ ಆ ಪರಿಶೀಲನೆಯನ್ನೇ ಅವಲಂಬಿಸಿತ್ತು. ಅವಳ ವಿದ್ಯಾರ್ಥಿವೇತನವೂ ಆ ಹಣದಿಂದಲೇ ಬರಬೇಕಾಗಿತ್ತು.

ಅವಳು ವಾದ ಮಾಡಲಿಲ್ಲ. ಕೋಶಕ್ಕೆ ಸಾರಜನಕವನ್ನು ತುಂಬಿ ಮೂರು ದಿನ ಮುಚ್ಚಿಟ್ಟು ಒತ್ತಡ ಇಳಿಯುವುದಿಲ್ಲವೆಂದು ತೋರಿಸಿದಳು. ಒಣ ಮಣ್ಣನ್ನು ಮಾತ್ರ ಹಾಕಿ, ನೀರಿಲ್ಲದೆ ಒಮ್ಮೆ ನಡೆಸಿದಳು. ಆಮೇಲೆ ಎರೆಯಲ್ಲಿ ನೀರಿನ ಪ್ರಮಾಣವನ್ನು ಹಂತಹಂತವಾಗಿ ಬದಲಿಸುತ್ತ ಅದೇ ಪ್ರಯೋಗವನ್ನು ಹನ್ನೊಂದು ವಾರಗಳ ಕಾಲ ಮತ್ತೆ ಮತ್ತೆ ಮಾಡಿದಳು. ನೀರು ಕಡಿಮೆಯಾದಷ್ಟೂ ಹೈಡ್ರೇಟ್ ಆಗುವ ಪಾಲು ಇನ್ನೂ ಕಡಿಮೆಯಾಗುತ್ತ ಹೋಯಿತು. ಆಗ ಚಿತ್ರ ಸ್ಪಷ್ಟವಾಯಿತು. ಸ್ಮೆಕ್ಟೈಟ್ ಜಾತಿಯ ಜೇಡಿ ಒಂದು ಗ್ರಾಮಿನಲ್ಲಿ, ಒಳಪದರಗಳೂ ಸೇರಿ, ಏಳುನೂರು ಚದರ ಮೀಟರಿನಷ್ಟು ಮೈಯನ್ನು ಅಡಗಿಸಿಕೊಂಡಿದೆ. ಆ ಮೈಗೆ ಅಂಟಿಕೊಂಡ ನೀರನ್ನು ಅದು ಸುಲಭವಾಗಿ ಪಂಜರಕ್ಕೆ ಬಿಟ್ಟುಕೊಡುವುದಿಲ್ಲ. ಬರಗಾಲದಲ್ಲಿ ಎರೆಹೊಲದಲ್ಲಿ ತೇವವಿದ್ದೂ ಪೈರು ಬಾಡುವುದನ್ನು ಕಂಡ ನನಗೆ ಇದು ಅಪರಿಚಿತವೆನಿಸಲಿಲ್ಲ. ಮಣ್ಣಿನಲ್ಲಿ ನೀರಿರುವುದು ಬೇರೆ, ಅದು ಕೈಗೆ ಸಿಗುವುದು ಬೇರೆ.

ವರದಿಯನ್ನು ಬರೆಯುವ ದಿನ ಅವಳು ಕೇಳಿದ ಪ್ರಶ್ನೆ ಒಂದೇ: "ಸಾರ್, ಎರೆಯ ಸಂಖ್ಯೆಯನ್ನು ಅನುಬಂಧದಲ್ಲಿ ಹಾಕಲೋ, ಮೊದಲ ಪುಟದಲ್ಲಿ ಹಾಕಲೋ?" ಮೊದಲ ಪುಟದಲ್ಲಿಯೇ ಹಾಕೆಂದೆ. ಎರೆಮಣ್ಣಿನ ಪ್ರಯೋಗಗಳಿಗೆ ಮುಂದಿನ ವರ್ಷದ ಹಣ ಬರಲಿಲ್ಲ. ಅವಳ ವೇತನವನ್ನು ಬೇರೊಂದು ಬಾಬಿನಿಂದ ಹೊಂದಿಸುವಷ್ಟರಲ್ಲಿ ಐದು ತಿಂಗಳು ಕಳೆದವು. ಆ ಐದು ತಿಂಗಳು ಅವಳು ಸಂಜೆ ಮನೆಪಾಠ ಹೇಳಿ ಕಾಲ ಹಾಕಿದಳು. ಆದರೆ ಪ್ರಬಂಧದಲ್ಲಿ ಎರೆಮಣ್ಣಿನ ಅಧ್ಯಾಯ ಉಳಿಯಿತು. ಪರೀಕ್ಷಕರು ಹೆಚ್ಚು ಪ್ರಶ್ನೆ ಕೇಳಿದ್ದೂ, ಕೊನೆಗೆ ಹೆಚ್ಚು ಮೆಚ್ಚಿದ್ದೂ ಆ ಅಧ್ಯಾಯವನ್ನೇ. ಇಂದು ಅವಳು ಸ್ವತಃ ಅಧ್ಯಾಪಕಿಯಾಗಿದ್ದಾಳೆ.

ಇಷ್ಟು ಶ್ರಮಪಟ್ಟು ಕಡಿಮೆ ಸಂಖ್ಯೆಯನ್ನು ಸಾಧಿಸುವುದರಿಂದ ದೇಶಕ್ಕೆ ಆದ ಲಾಭವೇನೆಂದು ಯಾರಾದರೂ ಕೇಳಬಹುದು. ೨೦೧೩ರಲ್ಲಿ ಜಪಾನಿನವರು ತಮ್ಮ ನನ್‌ಕಾಯ್ ಕಂದಕದ ಹೈಡ್ರೇಟಿನಿಂದ ಆರು ದಿನಗಳಲ್ಲಿ ಸುಮಾರು ೧,೨೦,೦೦೦ ಘನ ಮೀಟರ್ ಅನಿಲವನ್ನು ತೆಗೆದರು. ಆಗ ಬಾವಿಯೊಳಗೆ ಮರಳು ನುಗ್ಗಿ ಪರೀಕ್ಷೆಯನ್ನು ನಿಲ್ಲಿಸಬೇಕಾಯಿತು. ಕಣಗಳನ್ನು ಹಿಡಿದಿಟ್ಟ ಹೈಡ್ರೇಟ್ ಕರಗಿದರೆ ಮಣ್ಣು ಸಡಿಲವಾಗುತ್ತದೆ. ಎಲ್ಲಿ ಎಷ್ಟಿದೆ, ಯಾವ ಮಣ್ಣಿನಲ್ಲಿ ಯಾವ ರೂಪದಲ್ಲಿದೆ ಎಂಬುದನ್ನು ಅರಿಯದೆ ಕೋಟಿಗಟ್ಟಲೆ ರೂಪಾಯಿಯ ಬಾವಿಯನ್ನು ಕೊರೆದರೆ ಹಣವೂ ಹೋಗುತ್ತದೆ, ಸಮುದ್ರತಳವೂ ಕೆಡುತ್ತದೆ. ಇಲ್ಲದ ಸಂಪತ್ತನ್ನು ಇದೆಯೆಂದು ಎಣಿಸಿ ಮಾಡುವ ಖರ್ಚನ್ನು ನಮ್ಮ ರೈತ ಮನೆತನಗಳು ಚೆನ್ನಾಗಿ ಬಲ್ಲವು. ಬೆಳೆಯ ಅಂದಾಜಿನ ಮೇಲೆ ಸಾಲ ತೆಗೆದವನ ಪಾಡು ಅದು.

ನಮಗೆ ವಿಜ್ಞಾನವನ್ನು ಕಲಿಸಿದ ಗುರುಗಳು ಪ್ರಯೋಗಾಲಯದಲ್ಲಿ ಸೀಸದ ಕಡ್ಡಿಗೆ ಅವಕಾಶ ಕೊಡುತ್ತಿರಲಿಲ್ಲ. ಕಂಡ ಅಳತೆಯನ್ನು ಕಂಡ ಕೂಡಲೇ ಶಾಯಿಯಲ್ಲಿ ಬರೆಯಬೇಕು. ಪುಸ್ತಕದ ಉತ್ತರಕ್ಕೆ ಹೊಂದದಿದ್ದರೆ ಅಳಿಸಕೂಡದು, ಇನ್ನೊಮ್ಮೆ ಮಾಡಿ ಕೆಳಗೆ ಬರೆಯಬೇಕು. ಇದು ಕ್ರಮ. ಮಠದ ಶಾಲೆಯಾದ್ದರಿಂದ ನೀತಿಯ ಪಾಠ ನಮಗೆ ಬೇಕಾದಷ್ಟು ಸಿಗುತ್ತಿತ್ತು. ಆದರೆ ಸತ್ಯವೆಂದರೇನೆಂಬುದು ನನ್ನ ಕೈಬೆರಳಿಗೆ ತಾಕಿದ್ದು ಆ ಶಾಯಿಯಿಂದ. ವಿದ್ಯಾರ್ಥಿನಿಗೆ ನಾನು ಕೊಟ್ಟ ಉತ್ತರ ನನ್ನದಲ್ಲ, ಅವರದು.

ದಾನಿಗಳಲ್ಲಿ ಒಂದು ಬಿನ್ನಹವನ್ನು ಮಾಡಿಕೊಂಡು ಮುಗಿಸುತ್ತೇನೆ. ಶಾಲೆಗೆ ಸಭಾಭವನವಾಗಿದೆ, ಮಹಾದ್ವಾರವಾಗಿದೆ, ಸಂತೋಷ. ಕಳೆದ ವರ್ಷ ಬಂದಾಗ ವಿಜ್ಞಾನದ ಕೊಠಡಿಯನ್ನು ನೋಡಿದೆ. ಗಾಜಿನ ಪೆಟ್ಟಿಗೆಯೊಳಗಿನ ಹಳೆಯ ತಕ್ಕಡಿಯ ಒಂದು ತಟ್ಟೆ ಸೊಟ್ಟಗಾಗಿದೆ; ತೂಕದ ಬೊಟ್ಟುಗಳಲ್ಲಿ ಕೆಲವು ಕಾಣೆಯಾಗಿವೆ. ಮಿಲಿಗ್ರಾಮಿನವರೆಗೆ ತೂಗುವ ಒಂದು ತಕ್ಕಡಿ, ಒಂದು ಒಣಗಿಸುವ ಒಲೆ, ಹನ್ನೆರಡು ಒಳ್ಳೆಯ ಉಷ್ಣಮಾಪಕಗಳು, ಇಷ್ಟಿದ್ದರೆ ನಮ್ಮ ಮಕ್ಕಳು ತಮ್ಮ ತಮ್ಮ ಹೊಲದ ಮಣ್ಣಿನಲ್ಲಿ ನೀರೆಷ್ಟಿದೆಯೆಂದು ತಾವೇ ಅಳೆದು ಬರೆಯಬಹುದು. ತಕ್ಕಡಿಯ ವೆಚ್ಚವನ್ನು ನಾನು ಭರಿಸುತ್ತೇನೆ. ಉಳಿದೆರಡನ್ನು ಯಾರಾದರೂ ವಹಿಸಿಕೊಂಡರೆ ಮುಂದಿನ ಮುಂಗಾರಿನ ಹೊತ್ತಿಗೆ ಕೊಠಡಿ ಸಿದ್ಧವಾದೀತು.